ಮಾದಯ್ಯನ ಕಾಲು ಮಾದಯ್ಯನದು

ಪಾದವು ಮನುಷ್ಯದೇಹದ ಅತ್ಯಂತ ವಿನಯಶೀಲ ಅಂಗ. ಇಡೀ ಮೈಯ ಭಾರ ಹೊತ್ತು, ಎಲ್ಲಕ್ಕಿಂತ ಕೆಳಗೆ ನಿಂತು, ಯಾರಿಗೂ ಎದುರಾಡದೆ ಬಾಳಿ ಮುಗಿಸುತ್ತದೆ. ಮಾದಯ್ಯನಿಂದ ಒದೆಸಿಕೊಂಡ ಯಾರೂ ಈ ಮಾತನ್ನು ಒಪ್ಪುವುದಿಲ್ಲ. ಹಾಗೆ ಒದೆ ತಿಂದವರ ಪೈಕಿ ನನ್ನ ತರಕಾರಿ ಮಂಡಿಯ ಹಮಾಲಿ ಕೆಂಪ ಉಂಟು, ಕೇರಳದ ಸುಲ್ತಾನ್ ಬತ್ತೇರಿಯ ಒಬ್ಬ ದಲ್ಲಾಳಿ ಉಂಟು, ಆ ದಾರಿಯ ಮದ್ದೂರು ಚೆಕ್‌ಪೋಸ್ಟಿನ ಆಚೆ ಸೈಡು ಕೊಡದೆ ಎದುರು ಬಂದ ಕಾರಿನ ಬಾಗಿಲೊಂದು ಉಂಟು, ಮಂಡಿಯ ತಕ್ಕಡಿಯೂ ಉಂಟು. ಇವುಗಳಲ್ಲಿ ಪೂರ್ತಿ ಸರಿಹೋದದ್ದು ತಕ್ಕಡಿ ಮಾತ್ರ.

ಗುಂಡ್ಲುಪೇಟೆಯಲ್ಲಿ ನನ್ನದೊಂದು ತರಕಾರಿ ಮಂಡಿ. ಮಾದಯ್ಯ ನನ್ನ ಲಾರಿಯ ಡ್ರೈವರು. ಕೋಸು, ಟೊಮೆಟೊ, ಬೀನ್ಸು ತುಂಬಿಕೊಂಡು ಮದ್ದೂರಿನ ಕಾಡು ದಾಟಿ ಕೇರಳಕ್ಕೆ ಹೋಗಿಬರುವುದು ಅವನ ಕೆಲಸ. ದಾರಿಯಲ್ಲಿ ಯಾರ ಮೇಲಾದರೂ ಬೀಳುವುದು ಅವನ ವಿಶ್ರಾಂತಿ. ನಾವಿಬ್ಬರೂ ಒಂದೇ ಊರಿನವರು. ಜಮೀನು, ವಿಭೂತಿ, ಕಲ್ಲು ಹಾಸಿದ ಜಗಲಿ ಇರುವ ಮೇಲಿನ ಬೀದಿ ನಮ್ಮದು. ಆ ಜಮೀನಿನಲ್ಲಿ ತಲೆತಲಾಂತರದಿಂದ ದುಡಿದವರ ಕೇರಿ ಅವನದು.

ಆ ಕಾಲುಗಳನ್ನು ವರ್ಣಿಸದೆ ಮುಂದೆ ಹೋದರೆ ತಪ್ಪಾಗುತ್ತದೆ. ಹಿಮ್ಮಡಿ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. ಹೆಬ್ಬೆರಳು ಉಳಿದ ನಾಲ್ಕರ ಜೊತೆ ಮಾತು ಬಿಟ್ಟಂತೆ ದೂರ ನಿಂತಿತ್ತು. ಬೀಡಿ ಸೇದಿ ಮುಗಿದರೆ ಅಂಗಾಲಿಗೆ ಒತ್ತಿ ಆರಿಸುತ್ತಿದ್ದ. ಜಾಲಿ ಮುಳ್ಳು ಚುಚ್ಚಿದರೆ ಮುಳ್ಳೇ ಮುರಿದು ಬೀಳುತ್ತಿತ್ತು. ಲಾರಿಯ ಪೆಡಲಿನ ಮೇಲೂ ಅದೇ ಕಾಲು, ಬತ್ತೇರಿಯ ಮಾರ್ಕೆಟ್ಟಿನ ಕೆಸರಿನಲ್ಲೂ ಅದೇ ಕಾಲು, ಮದುವೆಮನೆಯಲ್ಲೂ ಅದೇ ಕಾಲು. ಚಪ್ಪಲಿ ಕೊಳ್ಳಲು ದುಡ್ಡಿಗೆ ತೊಂದರೆಯಿರಲಿಲ್ಲ. ಹರಕೆ ಇರಬೇಕೆಂದು ಎಷ್ಟೋ ಜನ ಭಕ್ತಿಯಿಂದ ವಿಚಾರಿಸುತ್ತಿದ್ದರು.

"ಯಾವ ದೇವ್ರೂ ನನ್ ಕಾಲ ಕೇಳಿಲ್ಲ ಕಣ, ಓಗು" ಎನ್ನುತ್ತಿದ್ದ.

ನಾನು ಕೇಳಿದಾಗ ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಿದ. "ಕೆರ ಮೆಟ್ಕಂಡ್ರೆ ಕಾಲು ಕಿವುಡಾಯ್ತದೆ ಸಾವ್ಕಾರ್ರೇ. ಕೆಳ್ಗಡೆ ಏನದೆ ಅಂತ್ಲೇ ಗೊತ್ತಾಗಕಿಲ್ಲ. ಚಪ್ಪಲಿ ಆಕ್ಕಂಡು ನಡ್ಯದು ಒಂದೇ, ಬಾಯ್ಗೆ ಬಟ್ಟೆ ಕಟ್ಕಂಡು ಉಣ್ಣದೂ ಒಂದೇ."

ಅವನ ಮಗಳು ಸವಿತ ನರ್ಸಿಂಗ್ ಮುಗಿಸಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಾಗ, ಅವಳಿಗೆ ಸೀರೆ ಕೊಡಿಸಲು ಅಲ್ಲಿನ ಹೊಸ ಬಟ್ಟೆ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದ. ಬಾಗಿಲಲ್ಲಿ ಕಾವಲಿನವನು ತಡೆದ.

"ಚಪ್ಪಲಿ ಆಚೆ ಬುಡ್ಬೇಕು."

"ಬುಟ್ಟಿವ್ನಿ."

"ಎಲ್ಲದೆ?"

"ಹುಟ್ದಾಗ್ಲೇ ಬುಟ್ಬುಟ್ಟೆ ಕಣಪ್ಪ."

ಕಾವಲಿನವನು ಇಲ್ಲಿಗೆ ನಕ್ಕು ಸುಮ್ಮನಾಗಬಹುದಿತ್ತು. ಅವನು ಕೆಳಗೆ ನೋಡಿ, "ಈ ಕಾಲ್ನಾಗೆ ಒಳಕ್ಕೆ ಬ್ಯಾಡ, ನೆಲ ಕೊಳೆಯಾಯ್ತದೆ" ಎಂದು ಮಾದಯ್ಯನ ಎದೆಯ ಮೇಲೆ ಕೈಯಿಟ್ಟ. ಆ ಕೈ ಅನಂತರ ಬಹಳ ದಿನ ಕೊರಳಿನಿಂದ ಪಟ್ಟಿಯಲ್ಲಿ ತೂಗುತ್ತಿತ್ತು ಎಂದು ಕೇಳಿದ್ದೇನೆ. ಚಪ್ಪಲಿ ಇಡುವ ಕಬ್ಬಿಣದ ಸ್ಟ್ಯಾಂಡು ನಡುರಸ್ತೆಗೆ ಹೋಯಿತು. ಊರಿನ ಗಣ್ಯರು ತಂತಮ್ಮ ಪಾದರಕ್ಷೆಗಳಿಗಾಗಿ ಬಸ್ಸುಗಳ ನಡುವೆ ಬರಿಗಾಲಲ್ಲಿ ಓಡಾಡಿದರು. ಮಾದಯ್ಯನಿಗೆ ಈ ದೃಶ್ಯ ಬಹಳ ತೃಪ್ತಿ ಕೊಟ್ಟಿತು.

ಸವಿತಳಿಗೆ ಕೊಡಲಿಲ್ಲ. "ನಿನ್ ಜೊತೆ ಇನ್ನೆಲ್ಗೂ ಬರಕಿಲ್ಲ ಕಣಪ್ಪ" ಎಂದು ಅತ್ತಳು. ಸಮಾಧಾನಕ್ಕೆ ಮುಂದಿನ ಅಂಗಡಿಯಲ್ಲಿ ಎತ್ತರದ ಹಿಮ್ಮಡಿಯ ಚಪ್ಪಲಿ ತೆಗೆದುಕೊಂಡಳು. ನೆಲ ಮುಟ್ಟಿದರೆ ಟಕ್ ಎನ್ನುವ ಜಾತಿಯದು.

"ಇದೇನಮ್ಮಿ, ಇಂಗೆ ಸದ್ದು ಮಾಡ್ತದೆ?"

"ಸದ್ದಾಗ್ಲಿ ಅಂತ್ಲೇ ತಗಂಡಿದ್ದು."

ನಮ್ಮ ಬೀದಿಯ ತಲೆಯಲ್ಲಿ ಒಂದು ಚಪ್ಪಡಿ ಕಲ್ಲಿದೆ. ಹಿಂದೆ ಕೇರಿಯವರು ಅಲ್ಲಿ ಚಪ್ಪಲಿ ಕಳಚಿ, ಕಂಕುಳಲ್ಲಿ ಇರುಕಿಕೊಂಡು, ಬೀದಿ ದಾಟಿದ ಮೇಲೆ ಮತ್ತೆ ಮೆಟ್ಟಬೇಕಿತ್ತು. ಮರೆತವರಿಗೆ ನೆನಪು ಮಾಡಿಕೊಡಲು ಜಗಲಿಯ ಮೇಲೆ ದೊಣ್ಣೆ ಇರುತ್ತಿತ್ತು. ಆ ಪದ್ಧತಿ ಹೋಗಿ ಬಹಳ ಕಾಲವಾಯಿತು. ಕಲ್ಲು ಹೋಗಿರಲಿಲ್ಲ. ನನ್ನ ದೊಡ್ಡಪ್ಪ ಗುರುಮಲ್ಲಪ್ಪನವರೂ ಹೋಗಿರಲಿಲ್ಲ.

ಒಂದು ಭಾನುವಾರ ಸವಿತ ಡ್ಯೂಟಿಗೆ ಹೊರಟು ಬಸ್ಸು ಹಿಡಿಯಲು ನಮ್ಮ ಬೀದಿಯಲ್ಲಿ ಟಕ್ ಟಕ್ ಎಂದು ಬಂದಳು. ದೊಡ್ಡಪ್ಪ ಜಗಲಿಯಿಂದ ಕೂಗಿದರು: "ಏನಮ್ಮಿ, ಯಾರೆದೆ ಮ್ಯಾಲೆ ನಡೀತಿದ್ದೀಯೆ? ನಿಮ್ಮಪ್ಪನ್ನ ನೋಡಿ ಕಲ್ತ್ಕ. ಕೇರಳ, ತಮಿಳುನಾಡು ಎಲ್ಲಾ ತಿರುಗ್ತಾನೆ, ಕೈಲಿ ಕಾಸದೆ. ಆದ್ರೂ ಇವತ್ಗೂ ನಮ್ ಬೀದಿಗೆ ಬಂದ್ರೆ ಕಾಲ್ಗೆ ಏನೂ ಇಕ್ಕಕಿಲ್ಲ. ಅದು ಮರ್ಯಾದಿ ಅನ್ನದು."

"ನಮ್ಮಪ್ಪ ಕಾಡ್ನಲ್ಲೂ ಇಕ್ಕಕಿಲ್ಲ ತಾತ. ಆನೆಗೂ ಮರ್ಯಾದಿ ಕೊಡ್ತದಾ?"

ಜಗಲಿಯಲ್ಲಿ ಕೂತಿದ್ದವರೆಲ್ಲ ನಕ್ಕುಬಿಟ್ಟರು. ದೊಡ್ಡಪ್ಪನ ಮಗ ನಟೇಶ ಮಾತ್ರ ನಗಲಿಲ್ಲ. ಅವನಿಗೆ ಎತ್ತಿನ ಮೈಕಟ್ಟು ಕೊಡುವಾಗ ದೇವರು ಬುದ್ಧಿಯನ್ನೂ ಆ ಪ್ರಾಣಿಯ ಲೆಕ್ಕಕ್ಕೇ ಹಾಕಿದ್ದ. ಅವನು ಇಳಿದು ಬಂದು, ಸವಿತಳನ್ನು ಕೆಡವಿ, ಅವಳ ಕಾಲಿನ ಚಪ್ಪಲಿಯನ್ನೇ ಕಿತ್ತು ಅವಳ ಕೆನ್ನೆಗೆ ಬಾರಿಸಿದ. ಅವಳು ಅವನ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿದಳು. ಬಸ್ಸು ತಪ್ಪಿತು.

ಆ ಸಂಜೆ ಲಾರಿ ನಿಲ್ಲಿಸಿ ಮನೆಗೆ ಬಂದ ಮಾದಯ್ಯ ಮಗಳ ಮುಖ ನೋಡಿ ಮಚ್ಚು ತೆಗೆದನಂತೆ. ಸವಿತ ಹೊಸಲಿಗೆ ಅಡ್ಡ ಕೂತಳಂತೆ. ಅವಳು ಅಂದ ಮಾತನ್ನು ಅವನೇ ನನಗೆ ಹೇಳಿದ್ದು.

"ಅವ್ನು ಒಡ್ದದ್ದು ನನ್ ಚಪ್ಪಲಿಲಿ ಕಣಪ್ಪ. ಅವರಪ್ಪ ಮರ್ಯಾದಿ ಅಂದು ಒಡ್ದದ್ದು ನಿನ್ ಕಾಲಲ್ಲಿ."

ಮಾದಯ್ಯ ಮಚ್ಚು ಕೆಳಗಿಟ್ಟ. ಮಾರನೆಯ ದಿನ ನನ್ನ ಹತ್ತಿರ ರಜೆ ಕೇಳಿ, ಚಾಮರಾಜನಗರಕ್ಕೆ ಹೋಗಿ, ಒಂದು ಜೊತೆ ಬೂಟು ತಂದ. ಕಣಕಾಲು ಮುಚ್ಚುವಷ್ಟು ಎತ್ತರ, ಕಪ್ಪು ಚರ್ಮ, ಹಿಮ್ಮಡಿಗೆ ಕಬ್ಬಿಣ. ಸಂಜೆ ನಾನು ದೊಡ್ಡಪ್ಪನ ಜಗಲಿಯಲ್ಲಿದ್ದೆ. ಮಾದಯ್ಯ ಬಂದು ಆ ಚಪ್ಪಡಿ ಕಲ್ಲಿನ ಮೇಲೆ ಕೂತ. ಅವನ ಅಪ್ಪ ಎಲ್ಲಿ ಚಪ್ಪಲಿ ಕಳಚುತ್ತಿದ್ದನೋ ಅಲ್ಲೇ ಬೂಟಿಗೆ ಕಾಲು ತೂರಿಸಿ ದಾರ ಬಿಗಿದ. ಆಮೇಲೆ ನಡೆದು ಬಂದ. ನಡೆದ ಎನ್ನುವುದು ಮರ್ಯಾದೆಯ ಮಾತು. ಆಗ ತಾನೆ ಹುಟ್ಟಿದ ಕರು ಎದ್ದು ನಿಂತ ಹಾಗಿತ್ತು.

ಜಗಲಿಯ ಮುಂದೆ ನಿಂತು ಹೇಳಿದ: "ಗುರುಮಲ್ಲಪ್ನೋರೆ, ನಮ್ಮಪ್ಪ ಈ ಬೀದೀಲಿ ಬರಿಗಾಲಲ್ಲಿ ನಡ್ದದ್ದು ನೀವು ಬಡೀತೀರಿ ಅಂತ. ನಾನು ನಡ್ಯದು ನಂಗೆ ಇಷ್ಟ ಅಂತ. ಎಲ್ಡನ್ನೂ ಒಂದೇ ಮಾಡ್ಬುಟ್ರಲ್ಲ ನನ್ ಮಗಳ ಮುಂದೆ, ಒಂದೇ ಅಲ್ಲ ಅಂತ ಈ ಜನದ ಮುಂದೆ ಒಂದ್ ಮಾತು ಅಂದ್ಬುಡಿ. ಈ ದರಿದ್ರ ಬೂಟ ಈಗ್ಲೇ ಕೆರೆಗೆ ಎಸ್ದು ಓಯ್ತೀನಿ."

ದೊಡ್ಡಪ್ಪ ಎಲೆಅಡಿಕೆ ಉಗುಳಿದರು. "ಮೊದ್ಲು ಬೂಟು ಬಿಚ್ಚು. ಆಮೇಲೆ ಮಾತು."

"ಮೊದ್ಲು ಮಾತು."

ಈ ಮಟ್ಟದ ತಾತ್ವಿಕ ಚರ್ಚೆ ನಟೇಶನಿಗೆ ಹಿಡಿಸುವುದಲ್ಲ. ಅವನೂ ಅವನ ಜೊತೆಯವರೂ ದೊಣ್ಣೆ ಹಿಡಿದು ಬಿದ್ದರು. ಬರಿಗಾಲಿನ ಮಾದಯ್ಯನನ್ನು ಹಾಗೆ ಸುತ್ತುವರಿಯುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ಬೂಟಿನಲ್ಲಿ ಅವನು ಮೊದಲ ಏಟಿಗೇ ಬೀದಿಯ ಕಲ್ಲುಹಾಸಿನ ಮೇಲೆ ಜಾರಿ ಬಿದ್ದ. ಪಕ್ಕೆಲುಬು ಮುರಿದ ಸದ್ದು ಜಗಲಿಗೆ ಕೇಳಿಸಿತು. "ಬಿಚ್ಲಾ, ಬುಟ್ಬುಡ್ತೀವಿ" ಎಂದು ನಟೇಶ ಕೂಗುತ್ತಲೇ ಇದ್ದ. ಜೀವಮಾನವಿಡೀ ಯಾವುದನ್ನು ಕಾಲಿಗೆ ಮುಟ್ಟಿಸಿರಲಿಲ್ಲವೋ ಅದನ್ನು ಮಾದಯ್ಯ ಎರಡೂ ಕೈಯಲ್ಲಿ ಅವುಚಿ ಹಿಡಿದು ಏಟು ತಿಂದ. ನಾವು ಬಿಡಿಸಲು ಇಳಿಯುವಷ್ಟರಲ್ಲಿ ನಟೇಶ ದಾರ ಬಿಚ್ಚಲು ಬಗ್ಗಿದ. ಅದು ಅವನ ತಪ್ಪು. ಕಬ್ಬಿಣದ ಹಿಮ್ಮಡಿ ದವಡೆಗೆ ತಗಲಿ ದವಡೆ ಎರಡಾಯಿತು.

ಬೂಟಿನ ಬಗ್ಗೆ ಮಾದಯ್ಯ ಹೇಳಿದ ಒಂದೇ ಒಳ್ಳೆಯ ಮಾತು ಆ ದಿನದ್ದು: "ಒದಿಯಕ್ಕೆ ಪರ್ವಾಗಿಲ್ಲ."

ಇಬ್ಬರನ್ನೂ ಒಂದೇ ವ್ಯಾನಿನಲ್ಲಿ ಚಾಮರಾಜನಗರಕ್ಕೆ ಸಾಗಿಸಿದೆವು. ಒಂದೇ ವಾರ್ಡು ಸಿಕ್ಕಿತು. ವಾರ್ಡಿನ ನರ್ಸು ಸವಿತ. ನಟೇಶನಿಗೆ ಬರೆದಿದ್ದ ಇಂಜೆಕ್ಷನ್ನುಗಳನ್ನು ಅವಳು ಒಂದನ್ನೂ ತಪ್ಪಿಸದೆ, ಅವಸರವನ್ನೂ ಮಾಡದೆ ಚುಚ್ಚಿದಳು. ದವಡೆಗೆ ತಂತಿ ಕಟ್ಟಿದ್ದರಿಂದ ಅವನಿಗೆ ಕೂಗಲು ಅನುಕೂಲವಿರಲಿಲ್ಲ. ಮಗ್ಗುಲ ಮಂಚದಿಂದ ಮಾದಯ್ಯ, "ನೋವಾಯ್ತದಾ ನಟೇಸಪ್ಪ?" ಎಂದು ಕಾಳಜಿಯಿಂದ ವಿಚಾರಿಸುತ್ತಿದ್ದ. ನಗುವಾಗ ಅವನ ಪಕ್ಕೆಗೂ ನೋವಾಗುತ್ತಿತ್ತು.

ಎರಡೂ ಕಡೆ ಕೇಸಾಯಿತು. ಪಕ್ಕೆ ಕೂಡಿದ ಮೇಲೆ ಮಾದಯ್ಯ ಮತ್ತೆ ಲಾರಿ ಹತ್ತಿದ, ಬರಿಗಾಲಲ್ಲಿ. ಅವನ ಕೇರಿಗೆ ಕೆರೆಯ ಏರಿ ಮೇಲಿನಿಂದ ನೇರ ದಾರಿಯಿದೆ. ಅದನ್ನು ಬಿಟ್ಟು ದಿನವೂ ನಮ್ಮ ಬೀದಿಗೇ ಬರುತ್ತಿದ್ದ. ದಾರ ಗಂಟು ಹಾಕಿದ ಬೂಟು ಕೊರಳಲ್ಲಿ ನೇತಾಡುತ್ತಿತ್ತು. ಕಲ್ಲಿನ ಮೇಲೆ ಕೂತು ಹಾಕಿಕೊಂಡು, ಬೀದಿಯ ಕೊನೆಯವರೆಗೂ ಟಕ್ ಟಕ್ ಎಂದು ಹೋಗಿ, ಅಲ್ಲಿ ಬಿಚ್ಚಿ, ಅದರ ಅವ್ವ ಅಪ್ಪನಿಗೆಲ್ಲ ಬೈದು ಮತ್ತೆ ಕೊರಳಿಗೆ ಹಾಕಿಕೊಳ್ಳುತ್ತಿದ್ದ. ಬಿಚ್ಚಿದಾಗ ಕಾಲಿನಿಂದ ರಕ್ತ ಬರುತ್ತಿತ್ತು. ಮುಳ್ಳಿಗೆ ಬಗ್ಗದ ಕಾಲು ಚರ್ಮಕ್ಕೆ ಬಗ್ಗಿತ್ತು.

ನಾನು ದೊಡ್ಡಪ್ಪನಿಗೆ ಹೇಳಿ ನೋಡಿದೆ. ಒಂದು ಮಾತು ಅಂದುಬಿಡಿ, ಈ ರಂಪ ನಿಲ್ಲಲಿ ಎಂದೆ.

"ಅಂದೆ ಅಂತ ಇಟ್ಕೊ. ಅವ್ನು ಬೂಟು ಬಿಚ್ತಾನೆ. ಬಿಚ್ಚಿದ ಅಂದ್ರೆ ನನ್ ಮಾತಿಗೆ ಬಿಚ್ಚಿದ ಅಂತಾಯ್ತು. ಆಗ ನಾನಂದದ್ದು ಸುಳ್ಳಾಯ್ತದಲ್ಲ? ಸುಳ್ಳಾಡಿ ಅಭ್ಯಾಸವಿಲ್ಲಪ್ಪ ನಂಗೆ" ಎಂದರು ದೊಡ್ಡಪ್ಪ. ಕೋರ್ಟಿನಲ್ಲಿ ಅವರು ಕೊಟ್ಟ ಹೇಳಿಕೆಯನ್ನು ನಾನು ಓದಿದ್ದರಿಂದ ಎದ್ದು ಮಂಡಿಗೆ ಹೊರಟೆ.

ಆ ಮಾತನ್ನು ಆಡದೆಯೇ ದೊಡ್ಡಪ್ಪ ತೀರಿಕೊಂಡರು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವುದು. ಜಗಲಿಯ ಮುಂದೆ ಚಪ್ಪರದಲ್ಲಿ ಅವರನ್ನು ಪೇಟ ಕಟ್ಟಿ ಕೂರಿಸಿದ್ದರು. ಬದುಕಿದ್ದಾಗ ಕೂರುತ್ತಿದ್ದ ಹಾಗೇ ಬೀದಿಯನ್ನು ಕಾಯುತ್ತ ಕೂತಿದ್ದರು. ಗುಂಡಿ ತೋಡಿ ತಂದ ಗುದ್ದಲಿಗಳು ಗೋಡೆಗೆ ಒರಗಿದ್ದವು. ಸಾವಿನ ಮನೆ ಆದ್ದರಿಂದ ಬೀದಿ ತುಂಬ ನೆರೆದಿದ್ದ ಜನರಲ್ಲಿ ಒಬ್ಬರ ಕಾಲಲ್ಲೂ ಚಪ್ಪಲಿ ಇರಲಿಲ್ಲ.

ಮಾದಯ್ಯ ಒಂದು ಹೂವಿನ ಹಾರ ಹಿಡಿದು ಬಂದ. ಅಭ್ಯಾಸದಂತೆ ಕಲ್ಲಿನ ಮೇಲೆ ಕೂತು ಕೊರಳಿನಿಂದ ಬೂಟು ತೆಗೆದ. ಆಮೇಲೆ ಬೀದಿಯ ಕಡೆ ನೋಡಿದ. ಎಲ್ಲರ ಕಾಲುಗಳನ್ನೂ ಬಹಳ ಹೊತ್ತು ನೋಡಿದ. ಬೂಟನ್ನು ಕಲ್ಲಿನ ಮೇಲೇ ಬಿಟ್ಟು ಎದ್ದು ಬಂದ. ನಮ್ಮ ಬೀದಿಯಲ್ಲಿ ಅವನು ಅಷ್ಟು ಹಗುರಾಗಿ ನಡೆದದ್ದನ್ನು ನಾನು ಕಂಡಿರಲಿಲ್ಲ.

"ಇವತ್ತು ಎಲ್ರೂ ಒಂದೇ ಸಾವ್ಕಾರ್ರೇ" ಎಂದು ನನ್ನ ಪಕ್ಕ ನಿಂತ. "ಈ ಕಲ್ಲುಹಾಸು ಇಷ್ಟು ತಣ್ಣಗದೆ ಅಂತ ಮರ್ತೇಬುಟ್ಟಿದ್ದೆ ಕಣ್ರೀ."

ಚಪ್ಪರದ ಕಂಬ ಹಿಡಿದು ನಿಂತಿದ್ದ ನಟೇಶ ಅವನನ್ನು ನೋಡಿದ. ಅವನ ಕಾಲು ನೋಡಿದ. ದವಡೆ ಸೊಟ್ಟಗೆ ಕೂಡಿದ್ದರಿಂದ ಅವನ ಮಾತು ಒಂದು ಕಡೆಯಿಂದ ಬರುತ್ತಿತ್ತು. ಆದರೂ ಬೀದಿಗೆಲ್ಲ ಕೇಳಿಸಿತು.

"ನೋಡ್ರಪ್ಪಾ! ಬದುಕಿದ್ದಾಗ ಆಗ್ದಿದ್ದು ಈಗಾಯ್ತು. ಕೊನೆಗೂ ನಮ್ಮಪ್ಪನ ಮುಂದೆ ಬೂಟು ಬಿಚ್ಚಿ ಬಂದ!"

ಯಾರೋ ಹೌದೌದು ಎಂದರು. ಯಾರೋ ನಕ್ಕರು. ನಾನು ಮಾದಯ್ಯನ ತೋಳು ಹಿಡಿದೆ. "ಬುಡು ಮಾದಯ್ಯ. ಸಾವಿನ ಮನೆ."

"ಇದ ಒಸಿ ಇಡ್ಕಳಿ, ಬಂದೆ" ಎಂದು ಹಾರ ನನ್ನ ಕೈಗೆ ಕೊಟ್ಟ.

ಕಲ್ಲಿನ ತನಕ ವಾಪಸು ಹೋದ. ಕೂತ. ಬಲಗಾಲಿನದು ಮೊದಲು, ಆಮೇಲೆ ಎಡಗಾಲಿನದು. ದಾರವನ್ನು ಒಂದೊಂದೇ ತೂತಿಗೆ ಪೋಣಿಸಿ ಬಿಗಿದ. ತಮಟೆಯವರು ಬಾರಿಸುವುದನ್ನು ನಿಲ್ಲಿಸಿದರು. ಇಡೀ ಬರಿಗಾಲಿನ ಜನ ದಾರಿ ಬಿಟ್ಟಿತು. ಅದರ ನಡುವೆ ಅವನು ಟಕ್ ಟಕ್ ಎಂದು ಬಂದ. ನನ್ನ ಮುಂದೆ ನಿಂತು ಹಾರಕ್ಕೆ ಕೈ ಚಾಚಿದ.

ನಟೇಶ ಗೋಡೆಯ ಕಡೆ ತಿರುಗಿದ್ದನ್ನು ನಾನು ನೋಡಿದೆ. ಮಾದಯ್ಯನೂ ನೋಡಿದ. ಬರಿಗಾಲಾಗಿದ್ದರೆ ಹಾರಿ ತಪ್ಪಿಸಿಕೊಳ್ಳುತ್ತಿದ್ದನೇನೋ. ಬೂಟು ಕಲ್ಲುಹಾಸಿನ ಮೇಲೆ ಜಾರಿತು. ಗುದ್ದಲಿ ಅವನ ಕಿವಿಯ ಹಿಂದೆ ಬಿತ್ತು. ಎರಡನೆಯ ಸಲವೂ ಅಲ್ಲೇ ಬಿತ್ತು. ಹಾರ ನನ್ನ ಕೈಯಲ್ಲೇ ಇತ್ತು.

ಮಾದಯ್ಯ ಮಾರನೆಯ ದಿನ ಮೈಸೂರಿನ ಆಸ್ಪತ್ರೆಯಲ್ಲಿ ಸತ್ತ. ಸವಿತ ಅವನನ್ನು ಬರಿಗಾಲಲ್ಲಿ ಮಣ್ಣು ಮಾಡಿಸಿದಳು. ನಟೇಶ ಜೈಲಿನಲ್ಲಿದ್ದಾನೆ. ಬೂಟುಗಳು ಪೊಲೀಸರ ವಶದಲ್ಲಿವೆ.