ಗೋಲ್‌ಪೋಸ್ಟಿನ ಹಿಂದೆ ನಿಂತಿದ್ದವನು

ಫಯಾಜ್ ಆ ಆಟವನ್ನು ಬಿಟ್ಟುಕೊಡಲಿಲ್ಲ. ಬಿಟ್ಟುಕೊಟ್ಟ ಎಂದು ಮೊಟ್ಟಮೊದಲು ಹೇಳಿದವನು ನಾನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು — ಅವನನ್ನು ಬಿಟ್ಟರೆ ನನಗೊಬ್ಬನಿಗೇ ಗೊತ್ತಿತ್ತು. ಇಷ್ಟನ್ನು ಬಾಯಿಬಿಟ್ಟು ಹೇಳಲು ನನಗೆ ಹದಿನಾಲ್ಕು ವರ್ಷ ಬೇಕಾಯಿತು.

ನಾನು ದತ್ತಾತ್ರೇಯ. ಕುಮಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಲ್ಯಾಬಿನ ಅಟೆಂಡರ್ ಆಗಿದ್ದು ಈ ವರ್ಷ ನಿವೃತ್ತನಾದವನು. ಆದರೆ ಹುಡುಗರ ಬಾಯಲ್ಲಿ ನಾನು ಯಾವತ್ತೂ ಫುಟ್‌ಬಾಲ್ ದತ್ತಣ್ಣ. ನಾನು ಆಡಿದವನಲ್ಲ. ಒಂದೇ ಒಂದು ದಿನ ಬೂಟು ಹಾಕಿದವನಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಜೆ ಲ್ಯಾಬಿಗೆ ಬೀಗ ಹಾಕಿ ಹೊರಟವನು ಮೈದಾನದ ಹತ್ತಿರ ನಿಂತೆ. ಕ್ರಿಕೆಟ್ಟಿನವರು ಬಲೆ ಬಿಚ್ಚಿಕೊಂಡು ಹೋದ ಮೇಲೆ ಉಳಿದ ಸ್ವಲ್ಪ ಬೆಳಕಿನಲ್ಲಿ ನಮ್ಮ ಹುಡುಗರು ಹೊಲಿಗೆ ಬಿಟ್ಟ ಚೆಂಡೊಂದನ್ನು ಇಟ್ಟುಕೊಂಡು ಆಡುತ್ತಿದ್ದರು. ಅವರನ್ನು ನೋಡುವವರು ಯಾರೂ ಇರಲಿಲ್ಲ. ಆವತ್ತು ನಿಂತವನು ಮತ್ತೆ ಪ್ರತಿ ಸಂಜೆ ನಿಂತೆ. ಹೊನ್ನಾವರ, ಭಟ್ಕಳ, ಕಾರವಾರ — ಅವರು ಎಲ್ಲಿ ಆಡಿದರೂ ರಜೆ ಬರೆದುಕೊಟ್ಟು ಬಸ್ಸು ಹತ್ತುತ್ತಿದ್ದೆ. ಸೋತ ದಿನ ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. "ಮಗಳು ಹುಟ್ಟಿದ ತಾರೀಕು ಕೇಳಿದ್ರೆ ಹೇಳೂಕೆ ಬರೂದಿಲ್ಲ, ಯಾವ ವರ್ಷ ಯಾರು ಗೋಲು ಹೊಡೆದದ್ದು ಅಂತ ಮಾತ್ರ ಬಾಯಿಪಾಠ" ಎಂದು ನನ್ನ ಹೆಂಡತಿ ಶಾರದಾ ಹೇಳುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ನಾನು ನಿಲ್ಲುತ್ತಿದ್ದದ್ದು ಯಾವಾಗಲೂ ನಮ್ಮ ಗೋಲ್‌ಪೋಸ್ಟಿನ ಹಿಂದೆ. ಅರ್ಧ ಆಟ ಮುಗಿದು ತಂಡಗಳು ಜಾಗ ಬದಲಿಸಿದರೆ ನಾನೂ ಆ ತುದಿಗೆ ನಡೆದುಹೋಗುತ್ತಿದ್ದೆ. ಹೀಗಾಗಿ ಗೋಲಿಯಾಗಿ, ಅಂದರೆ ಗೋಲು ಕಾಯಲು, ನಿಂತ ಹುಡುಗರೆಲ್ಲ ನನಗೆ ಹತ್ತಿರದವರು. ಅವರಲ್ಲಿ ಫಯಾಜ್‌ನಷ್ಟು ಹತ್ತಿರದವನು ಇನ್ನೊಬ್ಬನಿಲ್ಲ.

ಫಯಾಜ್ ಭಟ್ಕಳದವನು. ದಿನಾ ರೈಲಿನಲ್ಲಿ ಬಂದುಹೋಗುತ್ತಿದ್ದ. ಬಿ.ಎಸ್ಸಿ. ಎರಡನೇ ವರ್ಷ. ರಸಾಯನಶಾಸ್ತ್ರ ಓದಿ ಮೇಷ್ಟ್ರಾಗಬೇಕು ಎಂದು ಆಸೆ ಇಟ್ಟುಕೊಂಡಿದ್ದವನು. ಲ್ಯಾಬಿನಲ್ಲಿ ಅವನ ಕೈ ಬಹಳ ಸಮಾಧಾನದ ಕೈ. ಅವನಿಂದ ಒಂದು ಗಾಜು ಒಡೆದದ್ದು ನನಗೆ ನೆನಪಿಲ್ಲ. ಮಧ್ಯಾಹ್ನ ಸ್ಟೋರ್ ರೂಮಿನಲ್ಲಿ ನನ್ನ ಜೊತೆಯೇ ಡಬ್ಬಿ ಬಿಚ್ಚುತ್ತಿದ್ದ. ಒಂದೆರಡು ಸಲ ನಮ್ಮ ಮನೆಗೂ ಊಟಕ್ಕೆ ಬಂದಿದ್ದ.

ಆ ವರ್ಷ ಅಂತರ ಕಾಲೇಜು ಟೂರ್ನಿಯಲ್ಲಿ ನಮ್ಮ ತಂಡ ಫೈನಲ್‌ಗೆ ಬಂತು. ನಾನು ನೋಡಲು ಶುರುಮಾಡಿದ ಮೇಲೆ ಅದೇ ಮೊದಲು. ಆಟ ಹೊನ್ನಾವರದಲ್ಲಿ, ಎದುರಾಳಿ ಭಟ್ಕಳದ ಒಂದು ಕಾಲೇಜು. ಆ ತಂಡದ ಅರ್ಧ ಜನ ಫಯಾಜ್‌ನ ಜೊತೆ ಶಾಲೆಗೆ ಹೋದವರು, ಒಂದೇ ಕೇರಿಯವರು.

ಆಟಕ್ಕೆ ಇನ್ನು ಅರ್ಧ ತಾಸಿದೆ ಎನ್ನುವಾಗ ಫಯಾಜ್ ನನ್ನನ್ನು ಮೈದಾನದ ಮೂಲೆಯ ನಲ್ಲಿಯ ಹತ್ತಿರ ಕರೆದ. ಬಲಗೈ ತೋರಿಸಿದ. ಉಂಗುರದ ಬೆರಳು ಊದಿ ನೀಲಿಯಾಗಿತ್ತು. ನಡುವಿನ ಗಂಟಿನಲ್ಲಿ ಒಂದು ಕಡೆ ವಾಲಿತ್ತು. ಹಿಂದಿನ ದಿನ ಅಭ್ಯಾಸದಲ್ಲಿ ಹಾರಿದಾಗ ಕಂಬಕ್ಕೆ ಬಡಿದದ್ದಂತೆ.

"ಸರ್‌ಗೆ ಹೇಳೂದು ಬೇಡ ದತ್ತಣ್ಣ. ಇನ್ನೊಬ್ಬ ಗೋಲಿ ಜ್ವರ ಬಂದು ಮಲಗಿದ್ದಾನೆ. ನಾನು ನಿಲ್ಲದಿದ್ರೆ ನಿಲ್ಲೂಕೆ ಯಾರಿದ್ದಾರೆ? ಇದನ್ನ ಗಟ್ಟಿ ಕಟ್ಟಿಕೊಡಿ, ಸಾಕು."

ನನಗೆ ಆಗ ನಲವತ್ತಾರು ವರ್ಷ. ಅವನಿಗೆ ಹತ್ತೊಂಬತ್ತು. ನಾನು ಆಟದ ಸರ್ ಹತ್ತಿರ ಓಡಬೇಕಿತ್ತು. ಇವನ ಬೆರಳು ಮುರಿದಿದೆ, ಇವನನ್ನು ಆಸ್ಪತ್ರೆಗೆ ಕಳಿಸಿ, ಫೀಲ್ಡಿನ ಯಾರನ್ನಾದರೂ ಗೋಲಿಯಾಗಿ ನಿಲ್ಲಿಸಿ ಎನ್ನಬೇಕಿತ್ತು. ಹಾಗೆ ಮಾಡಿದರೆ ನಾವು ಸೋಲುತ್ತೇವೆ — ನನ್ನ ತಲೆಯಲ್ಲಿ ಬಂದದ್ದು ಅದೊಂದೇ. ಲ್ಯಾಬಿನಿಂದ ತಂದ ಚೀಲದಲ್ಲಿ ಬಿಳಿ ಪಟ್ಟಿ ಇತ್ತು. ಮುರಿದ ಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ಬಿಗಿದು ಕಟ್ಟಿದೆ. ಅವನು ಕಣ್ಣು ಮುಚ್ಚಿಕೊಂಡ, ಸದ್ದು ಮಾಡಲಿಲ್ಲ. ಗ್ಲೌಸ್ ಹಾಕಿಕೊಳ್ಳಲು ನಾನೇ ಸಹಾಯ ಮಾಡಿದೆ. "ಒಂದೂವರೆ ತಾಸು ತಡ್ಕೊ, ಆತು" ಎಂದೆ.

ಅವನು ತಡೆದುಕೊಂಡ. ಆ ದಿನ ಅವನು ಆಡಿದ್ದನ್ನು ನಾನು ಮರೆಯಲಾರೆ. ಎಡಗೈಯಿಂದ ತಟ್ಟಿದ, ಮುಷ್ಟಿಯಿಂದ ಗುದ್ದಿದ, ಎದೆಯನ್ನೇ ಅಡ್ಡ ಕೊಟ್ಟ. ಪ್ರತಿ ಸಲ ಬಿದ್ದೇಳುವಾಗ ಮುಖ ನನ್ನ ಕಡೆ ತಿರುಗಿಸಿ ಹಲ್ಲು ಕಚ್ಚುತ್ತಿದ್ದ — ಅದು ಕಾಣುತ್ತಿದ್ದದ್ದು ಹಿಂದೆ ನಿಂತ ನನಗೆ ಮಾತ್ರ. ನಾನು "ಇನ್ನು ಸ್ವಲ್ಪ, ಇನ್ನು ಸ್ವಲ್ಪ" ಎನ್ನುತ್ತಿದ್ದೆ.

ಕೊನೆಗೆ ನಾಲ್ಕೈದು ನಿಮಿಷ ಉಳಿದಿತ್ತು. ಎರಡೂ ಕಡೆ ಗೋಲಿಲ್ಲ. ದೂರದಿಂದ ಒಂದು ಚೆಂಡು ಬಂತು — ಸುಲಭದ ಚೆಂಡು, ಜೋರೂ ಇರಲಿಲ್ಲ. ಅವನು ಎರಡೂ ಕೈಯಲ್ಲಿ ಹಿಡಿದ. ಹಿಡಿದ ಮೇಲೆ ಬಲಗೈ ಸೋತಿತು. ಬೆರಳು ಹಿಂದಕ್ಕೆ ಹೋದದ್ದನ್ನು ನಾನು ಕಂಡೆ. ಚೆಂಡು ಅವನ ಕಾಲುಗಳ ನಡುವೆ ಬಿದ್ದು ಉರುಳಿ ಗೆರೆ ದಾಟಿ ನನ್ನ ಮುಂದೆಯೇ ಬಲೆಗೆ ತಾಗಿ ನಿಂತಿತು.

ಆಟ ಮುಗಿದಾಗ ಅವನು ಅಲ್ಲೇ ಕೂತಿದ್ದ. ಭಟ್ಕಳದ ತಂಡದ ಒಬ್ಬ ಹುಡುಗ ತನ್ನವರ ಕುಣಿತ ಬಿಟ್ಟು ಬಂದು ಅವನನ್ನು ಎಬ್ಬಿಸಿ ಅಪ್ಪಿಕೊಂಡ. ಹಳೆಯ ಗೆಳೆಯನನ್ನು ಸಮಾಧಾನ ಮಾಡಿದ, ಅಷ್ಟೇ. ಅದನ್ನು ನಮ್ಮವರೆಲ್ಲ ನೋಡಿದರು.

ಆಮೇಲೆ ಹೊನ್ನಾವರ ಬಸ್‌ಸ್ಟ್ಯಾಂಡಿನ ಹತ್ತಿರದ ಚಾ ಅಂಗಡಿ. ನಮ್ಮ ಕಾಲೇಜಿನ ಹತ್ತಿಪ್ಪತ್ತು ಹುಡುಗರು, ನಾನು. ಆಟಗಾರರು ಇನ್ನೂ ಬಂದಿರಲಿಲ್ಲ. ಯಾರೋ ಕೇಳಿದರು, "ದತ್ತಣ್ಣ, ನೀವು ಹಿಂದೇ ಇದ್ರಲ್ಲ. ಅಷ್ಟು ಸುಲಭದ ಬಾಲು — ಎಂತ ಆತು ಅವನಿಗೆ?"

ನಿಜ ಹೇಳಿದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನೀವು ಯಾಕೆ ಸುಮ್ಮನಿದ್ರಿ? ಅದರ ಜೊತೆ ಸೋತ ಸಿಟ್ಟು ಬೇರೆ. ಅವನ ಮೇಲೆ, ಬೆರಳಿನ ಮೇಲೆ, ನನ್ನ ಮೇಲೆ — ಗೊತ್ತಿಲ್ಲ. ಗ್ಲಾಸು ಕೆಳಗಿಟ್ಟು ಹೇಳಿದೆ:

"ಎಂತ ಆಗೂದು? ಎದುರಿಗಿದ್ದವ್ರು ಅವನ ಊರಿನವರೇ ಅಲ್ವಾ."

ಅಷ್ಟೇ. ಇನ್ನೊಂದು ಮಾತು ಸೇರಿಸಲಿಲ್ಲ. ಸೇರಿಸುವ ಅಗತ್ಯವೂ ಇರಲಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ಅನುಮಾನ ಪಡುತ್ತಿದ್ದರೋ ಏನೋ. ಒಂದೂ ಆಟ ತಪ್ಪಿಸದ ದತ್ತಣ್ಣ, ಗೋಲಿನ ಹಿಂದೆಯೇ ನಿಂತಿದ್ದ ದತ್ತಣ್ಣ ಹೇಳಿದ ಮೇಲೆ ಅದು ಸಾಕ್ಷಿಯೇ ಆಯಿತು. ಬಸ್ಸು ಕುಮಟೆ ಮುಟ್ಟುವಷ್ಟರಲ್ಲಿ ನನ್ನ ಮಾತು ಎಲ್ಲರ ಮಾತಾಗಿತ್ತು. ಊರಿನವರು ಎಂಬುದು ಜಾತಿಯವರು ಎಂದಾಗಿತ್ತು. ಆ ಅಪ್ಪುಗೆಗೆ ಅರ್ಥ ಸಿಕ್ಕಿತ್ತು. ನನ್ನ ಮಾತಿನೊಳಗೆ ಅದೆಲ್ಲ ಮೊದಲೇ ಇರಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

ಎರಡು ದಿನ ಬಿಟ್ಟು ಫಯಾಜ್ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕಾಲೇಜಿಗೆ ಬಂದ. ಆಟ ಮುಗಿದ ಮೇಲೆ ಕಟ್ಟಿಸಿಕೊಂಡ ವೇಷ ಎಂದರು. ಅವನು ಕೂರುವ ಬೆಂಚಿನ ಮೇಲೆ ಯಾರೋ ಕೈವಾರದ ಮುಳ್ಳಿನಿಂದ ಏನೋ ಕೆತ್ತಿದ್ದರು. ಅದನ್ನು ಇಲ್ಲಿ ಬರೆಯಲಾರೆ. ಆಟದ ಸರ್ ಒಳ್ಳೆಯವರು, ಅವನನ್ನೂ ಅವನ ಗೆಳೆಯ, ತಂಡದ ನಾಯಕ ವಿನಾಯಕನನ್ನೂ ಕರೆಸಿ ನೇರವಾಗಿ ಕೇಳಿದರು. ಬೆರಳು ಮುರಿದದ್ದು ಆಟಕ್ಕೆ ಮೊದಲೇ ಎಂದು ಅವನು ಹೇಳಿದ. ಯಾರಿಗೆ ಗೊತ್ತಿತ್ತು ಎಂದು ಸರ್ ಕೇಳಿದರು.

"ದತ್ತಣ್ಣನಿಗೆ ಗೊತ್ತು ಸರ್. ಅವರೇ ಕಟ್ಟಿದ್ದು."

ನನ್ನನ್ನು ಕರೆಸಿದರು. ಲ್ಯಾಬಿನಿಂದ ಆ ಕೋಣೆಗೆ ಐವತ್ತು ಹೆಜ್ಜೆ ಇರಬಹುದು. ಅಷ್ಟು ದೂರದಲ್ಲಿ ನಿರ್ಧಾರ ಬದಲಿಸಬಹುದಿತ್ತು. ಸರ್ ಕೇಳಿದರು, "ದತ್ತಾತ್ರೇಯ, ಆಟಕ್ಕೆ ಮುಂಚೆ ಇವನ ಕೈ ನೋಡಿದ್ಯಾ?"

"ಇಲ್ಲ ಸರ್. ನಾನು ನೋಡಲಿಲ್ಲ."

ಫಯಾಜ್ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ, ಇನ್ನೊಮ್ಮೆ ಹೇಳುತ್ತೇನೇನೋ ಎಂದು ಕಾಯುವಂತೆ ನೋಡಿದ. ನಾನು ಹೇಳಲಿಲ್ಲ. "ಇರ್ಲಿ ಸರ್" ಎಂದು ಹೊರಗೆ ಹೋದ.

ವರ್ಷ ಮುಗಿಯುವ ಮೊದಲೇ ಕಾಲೇಜು ಬಿಟ್ಟ. ಟಿ.ಸಿ. ತೆಗೆದುಕೊಳ್ಳಲು ಲ್ಯಾಬಿನ ಸಹಿ ಬೇಕಲ್ಲ — ಸಾಮಾನೆಲ್ಲ ವಾಪಸು ಕೊಟ್ಟಿದ್ದಾನೆ ಎಂದು ನಾನೇ ನೋಡಿ ಬರೆಯಬೇಕಿತ್ತು. ಅವನು ಕಾಗದ ಮೇಜಿನ ಮೇಲಿಟ್ಟ, ನಾನು ಬರೆದುಕೊಟ್ಟೆ.

ಆಮೇಲೂ ನಾನು ಆಟ ನೋಡುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ಗೋಲಿನ ಹಿಂದೆ ಮಾತ್ರ ನಿಲ್ಲಲು ಆಗಲಿಲ್ಲ.

ಹೋದ ತಿಂಗಳು ಹಳೆಯ ಆಟಗಾರರು ಸೇರಿ ನನಗೆ ಸನ್ಮಾನ ಮಾಡಿದರು. ಶಾಲು, ಹಾರ, ಎಲ್ಲ ತಂಡಗಳ ಸಹಿ ಇದ್ದ ಒಂದು ಚೆಂಡು. ವಿನಾಯಕ ಈಗ ಬ್ಯಾಂಕಿನಲ್ಲಿ ಮ್ಯಾನೇಜರ್. ಅವನು ಮಾತಾಡುತ್ತ, "ದತ್ತಣ್ಣನಿಗೆ ಒಂದು ಕಪ್ ಗೆದ್ದುಕೊಡಬೇಕು ಅಂತ ಇತ್ತು. ಎಂತ ಮಾಡೂದು, ನಮ್ಮ ಗೋಲಿಗೆ ಕಾಲೇಜಿಗಿಂತ ಊರಿನ ಪ್ರೀತಿ ಜಾಸ್ತಿ ಇತ್ತು" ಎಂದ. ಎಲ್ಲರೂ ನಕ್ಕರು. ಶಾಲು ಹೊದ್ದುಕೊಂಡು ಕೂತ ನಾನೂ ನಕ್ಕೆ. ನನ್ನ ನಗು ನನ್ನ ಕಿವಿಗೇ ಕೇಳಿಸಿತು.

ಮರುದಿನ ಬೆಳಿಗ್ಗೆ ಭಟ್ಕಳದ ಬಸ್ಸು ಹತ್ತಿದೆ. ಶಿರಾಲಿ ದಾಟುವ ತನಕವೂ ವಾಪಸು ಹೋಗೋಣ ಎನಿಸುತ್ತಲೇ ಇತ್ತು. ಪೇಟೆಯಲ್ಲಿ ವಿಚಾರಿಸಿದಾಗ ಅಂಗಡಿ ತೋರಿಸಿದರು. ಮಾವನ ಬಟ್ಟೆ ಅಂಗಡಿ, ಈಗ ಅವನೇ ನೋಡಿಕೊಳ್ಳುತ್ತಾನೆ. ಗಿರಾಕಿಗೆ ಬಿಚ್ಚಿ ತೋರಿಸಿದ ಬಟ್ಟೆಯನ್ನು ಮಡಚುತ್ತಿದ್ದ. ಆ ಒಂದು ಬೆರಳು ಮಡಚದೆ ನೆಟ್ಟಗೆ ನಿಂತಿತ್ತು.

"ದತ್ತಣ್ಣ ಅಲ್ವಾ? ಬನ್ನಿ, ಕೂತ್ಕೊಳ್ಳಿ" ಎಂದ. ಚಾ ತರಿಸಿದ. ಮನೆಯವರನ್ನೆಲ್ಲ ಕೇಳಿದ. ನಾನು ಸರ್ ಕೋಣೆಯಲ್ಲಿ ಹೇಳಿದ ಸುಳ್ಳಿನ ಮಾತೆತ್ತಿದ ಕೂಡಲೇ ಕೈ ಅಡ್ಡ ಹಿಡಿದ.

"ಅದು ಬಿಡಿ. ಗಾಯ ಆದವನನ್ನ ಆಡಿಸಿದ್ದು ಅಂತ ಗೊತ್ತಾದ್ರೆ ನಿಮ್ಮ ನೌಕರಿಗೆ ತೊಂದ್ರೆ ಆಗ್ತಿತ್ತು. ಹೆದರಿದ್ರಿ. ಅದು ನನಗೆ ಆಗಲೇ ಗೊತ್ತಾಗಿತ್ತು. ಮನಸ್ಸಲ್ಲಿ ಇಟ್ಕೊಂಡಿಲ್ಲ."

ಇಷ್ಟು ವರ್ಷ ಅವನು ನನ್ನ ಪರವಾಗಿ ಒಂದು ಕಾರಣ ಹುಡುಕಿಕೊಂಡು ಬದುಕಿದ್ದ. ಅದನ್ನೇ ತೆಗೆದುಕೊಂಡು ನಾನು ಎದ್ದು ಬರಬಹುದಿತ್ತು. ಒಂದು ಕ್ಷಣ — ಒಂದು ಕ್ಷಣಕ್ಕಿಂತ ಹೆಚ್ಚೇ — ಹಾಗೆ ಮಾಡೋಣ ಎನಿಸಿತು. ಆಮೇಲೆ ಚಾ ಅಂಗಡಿಯ ಮಾತು ಹೇಳಿದೆ. ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ.

ಅವನು ಮಡಚುವುದನ್ನು ನಿಲ್ಲಿಸಿದ. "ಅದು ನೀವಾ?"

"ಹೌದು. ನಾನೇ ಮೊದಲು ಹೇಳಿದ್ದು."

"ನಾನು ವಿನಾಯಕ ಅಂತ ತಿಳ್ಕೊಂಡಿದ್ದೆ." ಕೈಯಲ್ಲಿದ್ದ ಬಟ್ಟೆಯನ್ನು ಬದಿಗಿಟ್ಟ. "ಅವನು ತನ್ನ ಮದುವೆಗೆ ಕರೆದಿದ್ದ. ನಾನು ಹೋಗಲಿಲ್ಲ. ಫೋನ್ ಮಾಡಿದ್ರೂ ಎತ್ತಲಿಲ್ಲ."



"ಯಾರ್ಯಾರೋ ಎಂತೆಂತದೋ ಹೇಳಿದ್ರು ದತ್ತಣ್ಣ, ಅದಕ್ಕೆ ಬೇಜಾರಿಲ್ಲ. ಒಂದು ದಿನ ನಮ್ಮ ತಂದೆ ಕೇಳಿದ್ರು — 'ನೀನು ನಿಜವಾಗಿ ಬಿಟ್ಟಿದ್ದಾ?' ಅಂತ. ಇಲ್ಲ ಅಂದೆ. ಆಯ್ತು ಅಂದ್ರು. ಆದ್ರೆ ಕೇಳಿದ್ರಲ್ಲ."

ನಾನು ತಲೆ ತಗ್ಗಿಸಿದ್ದೆ. ಅವನ ದನಿ ಏರಲಿಲ್ಲ. "ಇದನ್ನ ನನಗೆ ಬಂದು ಯಾಕೆ ಹೇಳ್ತೀರಿ? ನಾನು ಬಿಡಲಿಲ್ಲ ಅಂತ ನನಗೆ ಗೊತ್ತೇ ಇದೆ. ಅವತ್ತು ಅದನ್ನ ನಂಬಿದವ್ರಿಗೆ ಹೇಳಿ."

ಅಷ್ಟರಲ್ಲಿ ಗಿರಾಕಿ ಬಂದರು, ಎದ್ದು ಹೋದ. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದರೆ ಅವನ ಮೇಲೆ ಇನ್ನೊಂದು ಹೊರೆ ಹೊರಿಸಿದ ಹಾಗಾಗುತ್ತಿತ್ತು.

ಮನೆಗೆ ಬಂದು ಶಾರದಾಳಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: "ನಮ್ಮನೆಗೆ ಊಟಕ್ಕೆ ಬಂದಿದ್ದ ಹುಡುಗ ಅಲ್ವಾ?" ಹೌದು ಎಂದೆ. ಒಳಗೆ ಹೋದಳು.

ಈ ಭಾನುವಾರ ಕಾಲೇಜಿನ ಮೈದಾನದಲ್ಲಿ ಹಳೆಯ ಆಟಗಾರರ ಆಟವಿದೆ. ವಿನಾಯಕ ಬರುತ್ತಾನೆ, ಆಟದ ಸರ್ ಬರುತ್ತಾರೆ, ಆ ಚಾ ಅಂಗಡಿಯಲ್ಲಿದ್ದ ಹುಡುಗರೂ ಹೆಚ್ಚಿನವರು ಬರುತ್ತಾರೆ. ಆಟ ಶುರುವಾಗುವ ಮೊದಲು ನಾನು ನಿಂತು ಇದನ್ನು ಓದುತ್ತೇನೆ. ನಡುವೆ ದನಿ ನಿಂತರೆ ಉಳಿದದ್ದನ್ನು ಓದಲು ವಿನಾಯಕನ ಕೈಗೆ ಕೊಡುತ್ತೇನೆ — ಅವನೂ ಫಯಾಜ್‌ನ ಹಾಗೆ ಇದರಲ್ಲಿ ಗೆಳೆಯನನ್ನು ಕಳೆದುಕೊಂಡವನು.

ಅವತ್ತು ಅಂಗಡಿಯಿಂದ ಹೊರಡುವಾಗ ಬಾಗಿಲಲ್ಲಿ ನಿಂತು ಫಯಾಜ್‌ನನ್ನು ಕೇಳಿದ್ದೆ: ತಂದೆಯವರಿಗೂ ನಾನೇ ಬಂದು ಹೇಳುತ್ತೇನೆ, ಮನೆ ಎಲ್ಲಿ ಎಂದು. ಅವನು ಗಿರಾಕಿಯ ಮುಂದೆ ಬಟ್ಟೆ ಅಳೆಯುತ್ತಿದ್ದವನು ತಲೆ ಎತ್ತಿ ನೋಡಿ, ಮೆಲ್ಲಗೆ ಹೇಳಿದ: "ಅವರು ತೀರಿಕೊಂಡು ಮೂರು ವರ್ಷ ಆತು, ದತ್ತಣ್ಣ."