ಬತ್ತಿದ ಬಾವಿಗೆ ಗುದ್ದು

ಹಂದಿಯ ಬೆನ್ನುಮೂಳೆಯನ್ನು ಒಂದೇ ಏಟಿಗೆ ಸೀಳುವ ಹೆಂಗಸು ಹುನಾನ್ ಪ್ರಾಂತ್ಯದ ನಮ್ಮ ಹೊಳೆದಂಡೆಯ ಸಂತೆಯಲ್ಲಿ ಒಬ್ಬಳೇ ಇದ್ದಳು, ಮಿಯಾವೊ ಚೂನ್‌ಯಾನ್. ಮಾಂಸದಂಗಡಿ ಗಂಡ ಬಿಂಗ್‌ಸೆನ್‌ನದು, ಮಚ್ಚು ಅವಳದು. ಅಂಗಡಿಯಲ್ಲಿ ಕೊಚ್ಚುವವಳು ಮನೆಯಲ್ಲಿ ಹೊಡೆಸಿಕೊಳ್ಳುತ್ತಿದ್ದಳು.

ಮೂವತ್ತು ದಾಟಿದ್ದೇ ತಡ, ಅವಳ ಮುಟ್ಟು ನಿಂತಿತು. ಮಗುವೂ ಇರಲಿಲ್ಲ. ಅತ್ತೆ ತಾನೇ ವೈದ್ಯೆಯಾದಳು. ರಕ್ತ ಒಳಗೇ ಕಟ್ಟಿಕೊಂಡಿದೆ, ಒಡೆಯಬೇಕು ಎಂದು ಒಣ ಜಿಗಣೆ, ಕುಸುಬೆ ಹೂವು ಕುದಿಸಿ ಕರಿ ಕಷಾಯ ಇಳಿಸಿದಳು. ಮುಟ್ಟು ನಿಂತರೆ ನಮ್ಮ ಕಡೆಯ ಅಜ್ಜಿಯರಿಗೆಲ್ಲ ತೋಚುವುದು ಅಷ್ಟೇ. ಚೂನ್‌ಯಾನ್ ಬೇಡವೆಂದರೆ ಬಿಂಗ್‌ಸೆನ್ ಮೂಗು ಹಿಸುಕಿ ಬಾಯಿಗೆ ಸುರಿಯುತ್ತಿದ್ದ. ಕಟ್ಟಿದ್ದು ಸಡಿಲವಾಗಲಿ ಎಂದು ಸೊಂಟಕ್ಕೆ ಗುದ್ದುತ್ತಿದ್ದ. ಗುದ್ದಲು ಅವನಿಗೊಂದು ನೆಪ ಬೇಕಿತ್ತು, ಹೆತ್ತವಳು ಒದಗಿಸಿದಳು.

ಆದರೂ ಮುಟ್ಟು ಬರಲಿಲ್ಲ. ಇನ್ನೂ ಕಟುವಾದ ಮದ್ದು ಬರೆಸಿಕೊಳ್ಳಲು ತಾಯಿ ಮಗ ಸೇರಿ ಅವಳನ್ನು ನಾಡಿ ವೈದ್ಯ ಪೂ ಬಳಿಗೆ ಎಳೆದೊಯ್ದರು.

ಪೂ ಬಾಯಿಹರುಕ ಮುದುಕ. ಅವಳ ಮಣಿಕಟ್ಟನ್ನು ಪುಟ್ಟ ದಿಂಬಿನ ಮೇಲಿಟ್ಟು ಮೂರು ಬೆರಳೂರಿದ. ಎಡಗೈ ಆದ ಮೇಲೆ ಬಲಗೈ. ಕೊನೆಯ ಬೆರಳನ್ನು ಮೂಳೆ ಮುಟ್ಟುವಷ್ಟು ಒತ್ತಿದ.

"ನಾಲಿಗೆ ಚಾಚು."

ಚಾಚಿದಳು. ಕೆಂಪಗೆ, ಒಣಗಿ ಬಿರಿದಿತ್ತು. ಮೇಲೆ ಬಿಳಿ ಪೊರೆಯೇ ಇರಲಿಲ್ಲ.

"ಅಂಗೈ ಉರಿಯುತ್ತಾ? ನಿದ್ದೇಲಿ ಬೆವರ್ತೀಯಾ? ಮೊಣಕಾಲಲ್ಲಿ ಶಕ್ತಿ ಇಲ್ವಾ?"

"ಹೂಂ, ವೈದ್ಯರೇ. ಎಲ್ಲಾ ಇದೆ."

"ಸೋಮಾರಿತನ ಅದು," ಎಂದಳು ಅತ್ತೆ.

"ನಿನ್ ನಾಡಿ ಯಾರೇ ಕೇಳಿದ್ರು, ಮುದುಕಿ? ಕಟ್ಟಿದ ರಕ್ತ ಆಗಿದ್ರೆ ನಾಲಿಗೆ ನೇರಳೆ ತಿರುಗಿರೋದು, ಕಿಬ್ಬೊಟ್ಟೆ ಚುಚ್ಚಿ ನೋಯೋದು. ಮುಟ್ಟಿಗೆ ಬೇರಾಗಿರೋ ಮೂತ್ರಪಿಂಡದ ಸತ್ವಾನೇ ಇವಳಿಗೆ ಇಂಗಿದೆ. ಕೊನೇ ಬೆರಳಿನಡಿಯ ನಾಡಿ ಹರಿದ ನೂಲಿನ ಹಾಗಿದೆ. ದೊಡ್ಡಾಸ್ಪತ್ರೆಯವರು ಇದನ್ನೇ ಅಂಡಾಶಯ ಬೇಗ ಸೋತಿದೆ ಅಂತಾರೆ. ನೀವು ಬತ್ತಿದ ಬಾವಿಗೆ ಗುದ್ದಿ ನೀರು ಕೇಳ್ತಿದೀರಿ. ಆ ಕಷಾಯ ಇನ್ನೊಂದು ಬಟ್ಟಲು ಕುಡಿಸಿದ್ರೆ ಇರೋದೂ ಹೋಗುತ್ತೆ."

"ಅಂದ್ರೆ ಗೊಡ್ಡು ಅಂತ ತಾನೇ?" ಎಂದು ಬಿಂಗ್‌ಸೆನ್ ಅಲ್ಲೇ ಅವಳ ಜುಟ್ಟು ಹಿಡಿದು ಗೋಡೆಗೆ ಅಪ್ಪಳಿಸಿದ. ಪೂ ಬೈಯುತ್ತ ಎದ್ದು ಬರುವಷ್ಟರಲ್ಲಿ ಬಾಗಿಲಾಚೆ ಎಳೆದುಕೊಂಡು ಹೋಗಿದ್ದ.

ಮರುದಿನ ಸಂತೆ ತುಂಬಿತ್ತು. ಅತ್ತೆ ಅಂಗಡಿಗೇ ಬಟ್ಟಲು ತಂದಳು.

"ಆ ಮುದುಕನಿಗೆ ಏನ್ ಗೊತ್ತು? ಕುಡಿ."

"ಕುಡಿಯಲ್ಲ."

ಬಿಂಗ್‌ಸೆನ್ ಅವಳ ಮೂಗಿಗೆ ಕೈ ಹಾಕಿದ. ಚೂನ್‌ಯಾನ್ ಮಚ್ಚಿನ ಚಪ್ಪಟೆ ಬದಿಯಿಂದ ಅವನ ಬಾಯಿಗೆ ಬಾರಿಸಿದಳು. ಅವನು ಕುಸಿದ. ಉದುರಿದ ಹಲ್ಲುಗಳು ಹಂದಿ ಕಾಲುಗಳ ನಡುವೆ ಬಿದ್ದವು, ಒಸಡಿನಿಂದ ರಕ್ತ ಸೋರಿತು. ಅವನ ಎದೆಯ ಮೇಲೆ ಮಂಡಿಯೂರಿ, ಮೂಗು ಹಿಸುಕಿ, ಬಟ್ಟಲು ಬಾಯಿಗಿಟ್ಟಳು.

"ಬೇಡ್ವೇ!" ಅತ್ತೆ ಕಿರುಚಿದಳು. "ಅದು ರಕ್ತ ಹರಿಸೋ ಮದ್ದು, ಗಾಯದ ರಕ್ತ ನಿಲ್ಲಲ್ಲ, ಸಾಯ್ತಾನೆ!"

"ಗೊತ್ತಿದ್ದೇ ನಂಗೆ ಕುಡಿಸ್ತಿದ್ರಾ, ಅತ್ತೆ?"

ಎದುರಿನ ಮೀನಿನವನು, "ಕುಡಿಸಮ್ಮಾ, ಅವನಿಗೂ ಮುಟ್ಟು ಬರ್ಲಿ!" ಎಂದು ಕೂಗಿದ. ಸಂತೆ ಗೊಳ್ಳೆಂದಿತು.

ಅವಳು ಕುಡಿಸಲಿಲ್ಲ. ಕಷಾಯವನ್ನು ಅವನ ಮುಖಕ್ಕೆರಚಿ, ಮಚ್ಚು ಸೊಂಟಕ್ಕೆ ಸಿಕ್ಕಿಸಿಕೊಂಡು ಪೂ ಬಾಗಿಲಿಗೆ ನಡೆದಳು.

ಮುಟ್ಟು ಮರಳಲಿಲ್ಲ. ಪೂ ಕೊಟ್ಟ ಕಹಿಯನ್ನು ತಾನೇ ಕಾಸಿ, ತಾನೇ ಎತ್ತಿ ಕುಡಿದಳು. ಬೆವರು ತಗ್ಗಿತು, ನಿದ್ದೆ ಹತ್ತಿತು. ಅವಳು ಉಳಿದುಕೊಂಡ ಪೂ ಬೀದಿಗೆ ಬಿಂಗ್‌ಸೆನ್ ಕಾಲಿಡಲಿಲ್ಲ.