ಹೆಸರು ಹೇಳದ ಹುಣ್ಣು

ಫಸಲಿ 1352, ಅಂದರೆ ಇಂಗ್ಲಿಷ್ ಲೆಕ್ಕದಲ್ಲಿ 1943ರ ಆಸುಪಾಸು. ನಾನು ಆಗ ಲಿಂಗಸುಗೂರಿನ ಸರಕಾರಿ ದವಾಖಾನೆಯ ಡಾಕ್ಟರ್. ಎಂಟು ಮಂಚ, ಒಬ್ಬ ಕಂಪೌಂಡರ್, ಮೂರು ಬಣ್ಣದ ಮಿಕ್ಸ್ಚರ್, ಇಷ್ಟೇ ನನ್ನ ಸಾಮ್ರಾಜ್ಯ. ಸಿಂಧನೂರು, ಮಸ್ಕಿ, ಗುರುಗುಂಟಾ ಕಡೆಯಿಂದ ಬಂಡಿ ಕಟ್ಟಿಕೊಂಡು ಬಂದವರಿಗೆ ಚಳಿಜ್ವರದ ಕ್ವಿನೈನ್ ಕೊಡುವುದು, ನಾರುಹುಣ್ಣಿಗೆ ಪಟ್ಟಿ ಕಟ್ಟುವುದು ದಿನದ ಕೆಲಸ. ವಯಸ್ಸು ಇಪ್ಪತ್ತೊಂಬತ್ತು. ನನಗೆ ಗೊತ್ತಿಲ್ಲದ್ದು ಕಡಿಮೆ ಎಂಬ ಭ್ರಮೆ ಇನ್ನೂ ಇತ್ತು.

ಚಳಿಗಾಲ ಮುಗಿಯುವ ಹೊತ್ತಿಗೆ ಬಸಲಿಂಗಪ್ಪ ಮಾಸ್ತರು ಬಂದರು. ಮೂಲ ಮಸ್ಕಿಯವರು, ಲಿಂಗಸುಗೂರಿನ ಸರಕಾರಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಆಗಿನ ಹೈದರಾಬಾದ್ ಸಂಸ್ಥಾನದ ಕಾಯಿದೆ ಪ್ರಕಾರ ಪಾಠ ಉರ್ದುವಿನಲ್ಲಿ ನಡೆಯಬೇಕು. ಅವರು ಉರ್ದುವಿನಲ್ಲಿ ಲೆಕ್ಕ ಬರೆಸಿ, ಬಾಗಿಲು ಮುಂದೆ ಮಾಡಿ, ಕನ್ನಡದಲ್ಲಿ ತಿಳಿಸಿ ಹೇಳುತ್ತಿದ್ದರು. ಹೆಡ್‌ಮಾಸ್ತರ್ ಹಬೀಬ್ ಸಾಹೇಬರಿಗೆ ಅದು ಗೊತ್ತಿತ್ತು. ಆ ಬಾಗಿಲು ಅವರು ಯಾವತ್ತೂ ತೆರೆಯಲಿಲ್ಲ.

"ನಾಲಿಗಿ ಬಾಜೂಕ ಒಂದು ಹುಣ್ಣಾಗ್ಯಾದ್ರಿ ಡಾಕ್ಟರ್ ಸಾಹೇಬ್ರ. ಮೂರು ತಿಂಗಳಾತು, ಮಾಯವಲ್ದು," ಎಂದರು ಮಾಸ್ತರು.

ಇಪ್ಪತ್ತು ವರ್ಷ ತಂಬಾಕು, ಸುಣ್ಣ ಇಟ್ಟುಕೊಂಡ ದವಡೆ ಅದು. ಬೆರಳಿಟ್ಟು ನೋಡಿದೆ. ಹುಣ್ಣಿನ ಅಂಚು ಗಟ್ಟಿಯಾಗಿ, ಸುತ್ತಲೂ ಎದ್ದು ನಿಂತಿತ್ತು. ಓದಿದ ಪುಸ್ತಕದ ಪುಟವೇ ಕಣ್ಣ ಮುಂದೆ ಬಂತು. ಇದು ಕ್ಯಾನ್ಸರ್.

ಅವರನ್ನು ಹೊರಗೆ ಕೂರಿಸಿ, ಜೊತೆಗೆ ಬಂದಿದ್ದ ಹೆಂಡತಿ ನೀಲಮ್ಮ ಮತ್ತು ಹಬೀಬ್ ಸಾಹೇಬರನ್ನು ಒಳಗೆ ಕರೆದೆ. ನಮ್ಮ ಕಡೆ ಆಗ ರೋಗದ ಸುದ್ದಿ ಹೇಳುವ ಪದ್ಧತಿಯೇ ಅದು. ಮನೆಯವರಿಗೆ ಹೇಳಬೇಕು, ರೋಗಿಗೆ ಹೇಳಬಾರದು. ಆ ರೋಗದ ಹೆಸರನ್ನಂತೂ ಜನ ಬಾಯಲ್ಲಿ ಆಡುತ್ತಲೇ ಇರಲಿಲ್ಲ, ಕೆಟ್ಟ ಹುಣ್ಣು ಎಂದು ಸುಮ್ಮನಾಗುತ್ತಿದ್ದರು.

ನೀಲಮ್ಮ ಅಳಲಿಲ್ಲ. ಸೆರಗು ಬಿಗಿ ಹಿಡಿದು ಹೇಳಿದಳು: "ಆ ಹೆಸರು ಅವರ ಕಿವಿಗೆ ಬೀಳಬಾರ್ದ್ರಿ. ಕೇಳಿದ್ರ ಎದಿ ಒಡಕೊಂಡು ಅವತ್ತೇ ಹೋಗ್ತಾರ. ನಿಮ್ಮ ಕಾಲಿಗೆ ಬೀಳ್ತೀನಿ."

ಹಬೀಬ್ ಸಾಹೇಬರು ನನ್ನ ಮುಖ ನೋಡಿದರು. "ಅಮ್ಮ ಹೇಳೂದು ಖರೇ ಅದ ಡಾಕ್ಟರ್ ಸಾಬ್. ನಾವು ಅದೀವಲ್ಲ, ಎಲ್ಲಾ ನೋಡ್ಕೋತೀವಿ."

ನಾನು ಒಪ್ಪಿದೆ. ಮೂವರೂ ಒಪ್ಪಿ ಹೊರಗೆ ಬಂದು, ನಗುತ್ತಾ, ಹುಣ್ಣು ಹಳೆಯದಾಗಿದೆ, ಹೈದರಾಬಾದಿನ ದೊಡ್ಡ ದವಾಖಾನೆಯಲ್ಲಿ ತೋರಿಸಿದರೆ ಬೇಗ ಮಾಯುತ್ತದೆ ಎಂದು ಹೇಳಿದೆವು.

ಮುಂದೆ ಆ ಶಾಲೆ ಮಾಡಿದ್ದನ್ನು ನನ್ನ ವೃತ್ತಿಯಲ್ಲಿ ಇನ್ನೊಂದು ಸಲ ನಾನು ಕಾಣಲಿಲ್ಲ. ಹಬೀಬ್ ಸಾಹೇಬರು ರುಖ್ಸತ್ ಅಂದರೆ ರಜೆಯ ಕಾಗದ ತಾವೇ ಬರೆದು, ಇದ್ದಲಿನ ಗ್ಯಾಸಿನಿಂದ ಓಡುವ ಯುದ್ಧಕಾಲದ ಬಸ್ಸಿನಲ್ಲಿ ಮಾಸ್ತರರನ್ನು ರಾಯಚೂರಿಗೆ, ಅಲ್ಲಿಂದ ರೈಲಿನಲ್ಲಿ ಹೈದರಾಬಾದಿಗೆ ಕರೆದೊಯ್ದರು. ಮಾಸ್ತರರಿಗೆ ಉರ್ದು ನೀರು ಕುಡಿದಷ್ಟು ಸಲೀಸು. ಹಾಗಾಗಿ ಸಾಹೇಬರು ತಾವೇ ಮೊದಲು ಒಳಗೆ ಹೋಗಿ, ಆ ಶಬ್ದ ಮಾತ್ರ ಬಳಸಬೇಡಿ ಎಂದು ಅಲ್ಲಿಯ ಡಾಕ್ಟರರಿಗೂ ಕೈಮುಗಿದು ಬಂದರಂತೆ.

ಅಲ್ಲಿ ನಾಲಿಗೆಗೆ ರೇಡಿಯಂ ಸೂಜಿ ಇಟ್ಟರು. ರೇಡಿಯಂ ತುಂಬಿದ ಸಣ್ಣ ಸೂಜಿಗಳನ್ನು ಗಂಟಿನೊಳಗೇ ಚುಚ್ಚಿ, ಏಳು ದಿನ ಹಾಗೇ ಬಿಟ್ಟು ಅದನ್ನು ಸುಡುವ ಚಿಕಿತ್ಸೆ ಅದು. ಮಾಸ್ತರು ವಾಪಸು ಬಂದಾಗ ಬಾಯಿ ಬೆಂದುಹೋಗಿತ್ತು, ಎಂಜಲು ನುಂಗಲೂ ಕಣ್ಣಲ್ಲಿ ನೀರು. ಶಾಲೆಯ ಒಬ್ಬೊಬ್ಬ ಮಾಸ್ತರರ ಮನೆಯಿಂದ ಸರದಿಯ ಮೇಲೆ ಅಂಬಲಿ, ಗಂಜಿ ಬರತೊಡಗಿತು. ಹಬೀಬ್ ಸಾಹೇಬರ ಮನೆಯಲ್ಲಿ ಬೇಯಿಸಿದ್ದು ಮಾಸ್ತರರ ಮನೆಯಲ್ಲಿ ನಡೆಯುತ್ತಿರಲಿಲ್ಲ, ಅದಕ್ಕೆ ಅವರು ತಮ್ಮ ಆಡಿನ ಹಾಲನ್ನು ಕಾಸದೆ ಹಸಿಯಾಗಿಯೇ ಕಳಿಸುತ್ತಿದ್ದರು. ಗಣಿತದ ತರಗತಿ ಅವರೇ ತೆಗೆದುಕೊಂಡರು. ಸಾಹೇಬರಿಗೆ ಶಾಯರಿ ಬರುತ್ತಿತ್ತೇ ಹೊರತು ಬಡ್ಡಿ ಲೆಕ್ಕ ಬರುತ್ತಿರಲಿಲ್ಲ. ತಪ್ಪಿದಾಗ ಹುಡುಗರೇ ತಿದ್ದುತ್ತಿದ್ದರಂತೆ.

ತಿಂಗಳಲ್ಲಿ ಬಾಯಿ ಮಾಗಿತು. ಮಾಸ್ತರು ಮೊದಲಿನ ಹಾಗೆ ಪೇಟ ಸುತ್ತಿ ಶಾಲೆಗೆ ಹೊರಟರು. ಊರಿಗೆ ಊರೇ ಸಂತೋಷಪಟ್ಟಿತು. ನನ್ನ ಮೇಜಿನ ಮೇಲೆ ಮಾತ್ರ ಹೈದರಾಬಾದಿನ ಪತ್ರವಿತ್ತು: ಕುತ್ತಿಗೆಯ ಗ್ರಂಥಿಗಳಿಗೂ ಚಿಕಿತ್ಸೆ ಆಗಬೇಕು, ಆರು ವಾರಕ್ಕೆ ತಪ್ಪದೆ ಕಳಿಸಿ. ಈ ರೋಗ ನಾಲಿಗೆಯಿಂದ ಮೊದಲು ಇಳಿಯುವುದೇ ಆ ಗ್ರಂಥಿಗಳಿಗೆ.

ಆ ಆರನೆಯ ವಾರಕ್ಕೆ ಸರಿಯಾಗಿ ವಾರ್ಷಿಕ ಪರೀಕ್ಷೆ ಬಂತು. ನಾನು ಅವರ ಮನೆಗೇ ಹೋದೆ.

"ನಾಳೆನೇ ಹೊರಡ್ರಿ ಮಾಸ್ತರ್ರ," ಎಂದೆ.

ಅವರು ಬಾಯಿ ಅಗಲಿಸಿ ತೋರಿಸಿದರು. "ನೋಡ್ರಿ, ಮಾಗ್ಯಾದಲ್ರಿ. ನನ್ನ ಸಲುವಾಗಿ ಆ ಮಂದಿ ಎಷ್ಟು ದುಡದಾರ! ಹೆಡ್‌ಮಾಸ್ತರ್ರು ಗಣಿತ ಕಲಿಸಾಕತ್ತಾರಂದ್ರ ಹುಡುಗರ ಗತಿ ಏನ್ರಿ? ಪರೀಕ್ಷಾ ಮುಗಿಸಿ ಹೋಗ್ತೀನಿ. ಒಂದು ಹುಣ್ಣಿಗೆ ಅವರನ್ನ ಇನ್ನೂ ಎಷ್ಟು ದಣಸ್ಲಿ?"

ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬಾಗಿಲಲ್ಲಿ ನೀಲಮ್ಮ ನಿಂತಿದ್ದಳು. ಅವಳು ಬೇಡ ಎಂದು ತಲೆಯಾಡಿಸಿದಳು. ಕೊಟ್ಟ ಚಹಾ ಕುಡಿದು ನಾನು ಎದ್ದು ಬಂದೆ. ಹಬೀಬ್ ಸಾಹೇಬರೂ ಮರುದಿನ ಹೋಗಿ ಹೇಳಿ ಸೋತರು. ಒಂದು ಹುಣ್ಣಿಗೆ ಇಷ್ಟೇಕೆ ಅವಸರ ಎಂಬುದನ್ನು ಹೆಸರು ಹೇಳದೆ ತಿಳಿಸುವ ದಾರಿ ಇರಲಿಲ್ಲ.

ಪರೀಕ್ಷೆ ಮುಗಿಸಿ, ಉತ್ತರ ನೋಡಿ, ಫಲಿತಾಂಶ ಹಚ್ಚಿ ಅವರು ನನ್ನಲ್ಲಿಗೆ ಬರುವಷ್ಟರಲ್ಲಿ ಎರಡು ತಿಂಗಳು ಮೇಲಾಗಿತ್ತು. ದವಡೆಯ ಕೆಳಗೆ ಅಡಿಕೆ ಗಾತ್ರದ ಗಂಟು, ಹಿಡಿದರೆ ಅಲುಗುತ್ತಿರಲಿಲ್ಲ. ಹೈದರಾಬಾದಿಗೆ ಹೋದವರನ್ನು ನಾಲ್ಕೇ ದಿನಕ್ಕೆ ತಿರುಗಿ ಕಳಿಸಿದರು. ಇನ್ನು ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ಮಳೆಗಾಲದ ಕೊನೆಗೆ ಮಾತು ನಿಂತಿತು. ಶಾಲೆಯಿಂದ ಒಂದು ಪಾಟಿ, ಬಳಪ ತಂದುಕೊಟ್ಟರು. ಬೇಕಾದ್ದನ್ನು ಅದರ ಮೇಲೆ ಬರೆಯುತ್ತಿದ್ದರು. ಒಂದು ಬೆಳಿಗ್ಗೆ ನಾನು ಮಾರ್ಫಿನ್ ಚುಚ್ಚಲು ಹೋದಾಗ ಹಬೀಬ್ ಸಾಹೇಬರು ಎಂದಿನಂತೆ ಹಾಸಿಗೆಯ ಪಕ್ಕ ಕೂತಿದ್ದರು. ಮಾಸ್ತರು ಪಾಟಿಯ ಮೇಲೆ ಕನ್ನಡದಲ್ಲಿ ಬರೆದು ನನ್ನ ಕಡೆ ತಿರುಗಿಸಿದರು: ಇದರ ಹೆಸರೇನು?

ಈ ಸಲ ನಾನು ಬಾಗಿಲ ಕಡೆ ನೋಡಲಿಲ್ಲ. ಹೇಳಿದೆ. ಮೊದಲ ದಿನದಿಂದಲೂ ಗೊತ್ತಿತ್ತು ಎಂಬುದನ್ನೂ ಹೇಳಿದೆ.

ಅವರ ಎದೆ ಒಡೆಯಲಿಲ್ಲ. ಪಾಟಿ ಒರೆಸಿ, ಸೊಟ್ಟ ಅಕ್ಷರದಲ್ಲಿ ಬರೆದು ನನ್ನ ಕೈಗೆ ಕೊಟ್ಟರು: "ಹೇಳಿದ್ದರೆ ಪರೀಕ್ಷೆ ಬಿಟ್ಟು ಹೋಗುತ್ತಿದ್ದೆ."

ಹಬೀಬ್ ಸಾಹೇಬರಿಗೆ ಕನ್ನಡ ಮಾತು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. "ಏನ್ ಬರದಾರ್ರಿ?" ಎಂದು ನನ್ನನ್ನು ಕೇಳಿದರು. ಅವರ ಮುಖ ನೋಡಿ ನನ್ನ ಬಾಯಿಂದ ಮತ್ತೆ ಅದೇ ಹಳೆಯ ಚಾಳಿ ಹೊರಬಿತ್ತು.

"ನಿಮ್ಮ ಉಪಕಾರ ಮರೆಯೂದಿಲ್ಲ ಅಂತ ಬರದಾರ್ರಿ," ಎಂದೆ.

ಮಾಸ್ತರು ನನ್ನ ಕೈಯಿಂದ ಪಾಟಿ ಕಿತ್ತುಕೊಂಡರು. ಆ ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ. ಅಂಗೈಯಿಂದ ಒರೆಸಿ, ತಾವು ಮೊದಲು ಬರೆದಿದ್ದ ಮಾತನ್ನೇ ಉರ್ದುವಿನಲ್ಲಿ ಬರೆದು, ಸ್ನೇಹಿತನ ತೊಡೆಯ ಮೇಲಿಟ್ಟರು.

ಸಾಹೇಬರು ಓದಿದರು. ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡು, "ಮಾಫ್ ಮಾಡ್ರಿ ಮಾಸ್ತರ್ರ, ನಮಗ ತಿಳೀಲಿಲ್ಲ," ಎಂದು ಅತ್ತರು. ಮಾಸ್ತರು ಅವರ ಮೊಣಕೈ ಹಿಡಿದುಕೊಂಡರು. ನನ್ನ ಕಡೆ ತಿರುಗಲಿಲ್ಲ. ಅದಾಗಿ ಒಂಬತ್ತನೆಯ ದಿನ ತೀರಿಕೊಂಡರು.

ಸಮಯಕ್ಕೆ ಹೋಗಿದ್ದರೆ ಉಳಿಯುತ್ತಿದ್ದರೇ? ಆಣೆ ಮಾಡಿ ಹೇಳಲಾರೆ, ಆ ಕಾಲದ ಚಿಕಿತ್ಸೆ ಅಷ್ಟೇ ಇತ್ತು. ಆದರೆ ಪರೀಕ್ಷೆಯೋ ಪ್ರಾಣವೋ ಎಂದು ಆರಿಸಬೇಕಾದವರು ಅವರು. ನಾವು ಅವರ ಮೇಲಿನ ಪ್ರೀತಿಯಿಂದಲೇ ಆ ಹಕ್ಕನ್ನು ಕಸಿದುಕೊಂಡೆವು. ನೀಲಮ್ಮನದು ತಪ್ಪಲ್ಲ, ಸಾಹೇಬರದೂ ಅಲ್ಲ. ಆ ರೋಗದ ಬಗ್ಗೆ ಓದಿದವನು ನಾನೊಬ್ಬನೇ ಇದ್ದೆ.

ಮುಂದೆ ಮೂವತ್ತು ವರ್ಷ ನೌಕರಿ ಮಾಡಿದೆ. "ಅವರಿಗೆ ಹೇಳಬ್ಯಾಡ್ರಿ" ಎಂದು ಬಾಗಿಲ ಹೊರಗೆ ಕೈಹಿಡಿದವರನ್ನೆಲ್ಲ ಒಳಗೆ ಕರೆದು, ರೋಗಿಯ ಮುಂದೆಯೇ ಕೂರಿಸಿ, ರೋಗದ ಹೆಸರು ಹೇಳಿದೆ. ಕೆಲವರು ಅತ್ತರು, ಕೆಲವರು ಬೈದರು, ಒಬ್ಬರು ಚಪ್ಪಲಿ ಎತ್ತಿದರು. ಹೆಸರು ಕೇಳಿ ಅವತ್ತೇ ಸತ್ತವರು ಒಬ್ಬರೂ ಇಲ್ಲ.